ಅರ್ಧ ಸುತ್ತು ಹಿಂದಕ್ಕೆ

ಮೂವತ್ತೊಂದು ವರ್ಷ ವಾಲ್ವಣ್ಣನನ್ನು ಯಾರೂ ಯಾವ ವಿಷಯಕ್ಕೂ ಅಭಿಪ್ರಾಯ ಕೇಳಿರಲಿಲ್ಲ. ಅವನು ಸುಖವಾಗಿದ್ದ. ಮೂವತ್ತೆರಡನೆಯ ವರ್ಷ ಕೇಳಿಬಿಟ್ಟರು. ತಾಪತ್ರಯ ಶುರುವಾದದ್ದು ಅಲ್ಲಿಂದ.

ಈಗ ಆ ಕೊಲ್ಲಿಗೆ ಸೇತುವೆ ಬಂದಿದೆ. ಜನ ಕಾರಿನ ಗಾಜು ಏರಿಸಿಕೊಂಡು ಹತ್ತು ನಿಮಿಷದಲ್ಲಿ ದಾಟಿಬಿಡುತ್ತಾರೆ. ಕೆಳಗೆ ಕಡಲಿದೆ ಅನ್ನುವುದೂ ಅವರಿಗೆ ಗೊತ್ತಾಗುವುದಿಲ್ಲ. ಆಗ ಸೇತುವೆ ಇರಲಿಲ್ಲ, ಅಜ್ಜಿ ಇದ್ದಳು. ಅಜ್ಜಿ ಅಂದರೆ ಹಡಗು. ಅವಳಿಗೊಂದು ಸರ್ಕಾರಿ ಹೆಸರಿತ್ತು, ಮುಂಭಾಗದಲ್ಲಿ ಬಣ್ಣದಿಂದ ಬರೆದೂ ಇದ್ದರು. ಬಣ್ಣ ಉದುರಿತು, ಹೆಸರೂ ಉದುರಿತು. ದಿನಕ್ಕೆ ಎಂಟು ಸಲ ಈ ದಡದಿಂದ ಆ ದಡಕ್ಕೆ ಜನರನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿಬರುತ್ತಿದ್ದಳಾದ್ದರಿಂದ ಅಜ್ಜಿ ಎಂಬುದೇ ಉಳಿಯಿತು. ಡೀಸೆಲ್ಲು, ಒದ್ದೆ ಹಗ್ಗ, ಕಾದ ಕಬ್ಬಿಣ, ಇವು ಮೂರೂ ಸೇರಿದ ಒಂದು ವಾಸನೆ ಅವಳದ್ದು. ಆ ವಾಸನೆ ಮೂಗಿಗೆ ಬಿದ್ದರೆ ಇವತ್ತಿಗೂ ಆ ಕಾಲದವರು ಮಾತು ನಿಲ್ಲಿಸುತ್ತಾರೆ.

ಅಜ್ಜಿಯ ಹೊಟ್ಟೆಯೊಳಗೆ, ಎಂಜಿನ್ ಮನೆಯಲ್ಲಿ, ಹದಿನಾಲ್ಕು ವಾಲ್ವುಗಳಿದ್ದವು. ಕೆಲವು ಕಡಲ ನೀರನ್ನು ಒಳಗೆ ಬಿಟ್ಟುಕೊಂಡು ಎಂಜಿನ್ನನ್ನು ತಣ್ಣಗಿಡುವುದಕ್ಕೆ, ಕೆಲವು ತಳದಲ್ಲಿ ಸೇರಿದ ನೀರನ್ನು ಹೊರಗೆ ಹಾಕುವುದಕ್ಕೆ. ಒಂದೊಂದರ ನೆತ್ತಿಯ ಮೇಲೂ ಒಂದೊಂದು ಕಬ್ಬಿಣದ ಚಕ್ರ. ಮೇಲಿನ ಕೋಣೆಯಲ್ಲಿ ಕ್ಯಾಪ್ಟನ್ ಹಿತ್ತಾಳೆಯ ಮಾತಿನ ಕೊಳವೆಗೆ ಬಾಯಿಟ್ಟು "ಎರಡು ತೆಗಿ!" ಎಂದರೆ, ಕೆಳಗೆ ವಾಲ್ವಣ್ಣ "ತೆಗ್ದೆ!" ಎಂದು ಎರಡನೆಯ ಚಕ್ರ ತಿರುಗಿಸುತ್ತಿದ್ದ. ಅವನಿಗಿಂತ ಮುಂಚೆ ಆ ಕೆಲಸದಲ್ಲಿದ್ದ ಮುದುಕ ಮೊದಲ ದಿನವೇ ಹೇಳಿಕೊಟ್ಟಿದ್ದ: "ಪೂರ್ತಿ ತೆಗೆದ ಮೇಲೆ ಅರ್ಧ ಸುತ್ತು ಹಿಂದಕ್ಕೆ ಕೊಡು ಮಗಾ. ಕೊನೇವರೆಗೂ ಒತ್ತಿ ನಿಲ್ಲಿಸಿದ್ದು ಅಲ್ಲೇ ಕಚ್ಕೊಳ್ಳುತ್ತೆ. ವಾಪಸ್ಸು ಬರೋದಕ್ಕೂ ಅದಕ್ಕೆ ಒಂಚೂರು ಜಾಗ ಇಟ್ಟಿರಬೇಕು."

ಮುದುಕ ತೀರಿಹೋದ. ಮಾತು ವಾಲ್ವಣ್ಣನ ತಲೆಯಿಂದ ಇಳಿದು ಕೈಗೆ ಹೋಗಿ ಕೂತಿತು. ಕೈಗೆ ಹೋದ ವಿದ್ಯೆ ಮನೆಗೂ ಬಂತು. ಮನೆಯ ನಲ್ಲಿಯನ್ನು ಪೂರ್ತಿ ತೆಗೆದು ಅರ್ಧ ಸುತ್ತು ಹಿಂದಕ್ಕೆ ಕೊಡುತ್ತಿದ್ದ. ಬಕೆಟ್ಟು ತುಂಬುವುದರೊಳಗೆ ಹೆಂಡತಿ ಒಂದು ನಿದ್ದೆ ತೆಗೆಯಬಹುದಿತ್ತು. ಹಡಗಿನಲ್ಲಿ ತೆಗೆದಾಗ ಮಾತ್ರ ಇದ್ದ ಶಿಸ್ತು ಮನೆಯಲ್ಲಿ ಸಡಿಲವಾಗಿ, ಮುಚ್ಚಿದ ಡಬ್ಬಿಗೂ ಅರ್ಧ ಸುತ್ತು ಹಿಂದಕ್ಕೆ ಬೀಳುತ್ತಿತ್ತು. ಹೆಂಡತಿ ಉಪ್ಪಿನ ಡಬ್ಬಿಯನ್ನು ಮುಚ್ಚಳ ಹಿಡಿದು ಎತ್ತಿದರೆ ಮುಚ್ಚಳ ಕೈಯಲ್ಲಿ, ಉಪ್ಪು ಕಾಲ ಮೇಲೆ.

"ರೀ, ನಿಮ್ಮ ಕೈಗೇನು ದೆವ್ವ ಹಿಡಿದಿದೆಯಾ?"

"ನಾನೇನು ಮಾಡಿದೆ?" ಎಂದು ವಾಲ್ವಣ್ಣ ಪ್ರಾಮಾಣಿಕವಾಗಿ ಕೇಳುತ್ತಿದ್ದ. ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಉಸಿರು ಬಿಟ್ಟದ್ದನ್ನು ಯಾರಾದರೂ ಎಣಿಸುತ್ತಾರೆಯೇ?

ಹೀಗಿರುವಾಗ ತಪಾಸಣೆ ಸಾಹೇಬರು ಒಂದು ಕಾಗದ ಕಳಿಸಿದರು. ಆಪತ್ತಿನಲ್ಲಿ ವಾಲ್ವುಗಳನ್ನು ಮೇಲಿನ ಕೋಣೆಯಿಂದಲೇ ಗುಂಡಿ ಒತ್ತಿ ಮುಚ್ಚುವಂತಿರಬೇಕು. ಇಲ್ಲದಿದ್ದರೆ ಈ ಹಡಗಿಗೆ ಇನ್ನು ಪರವಾನಗಿ ಇಲ್ಲ. ಮುಖ್ಯವಾದ ಆರು ವಾಲ್ವುಗಳಿಗೆ ಕರೆಂಟಿನ ಮೋಟರ್ ಪೆಟ್ಟಿಗೆ ಕೂರಿಸಿ, ಮೂರು ತಿಂಗಳು ಓಡಿಸಿ ತೋರಿಸಿ. ಸರಿಯಾದರೆ ಅಜ್ಜಿ ಉಳಿದಾಳು. ಆಗದಿದ್ದರೆ ಒಡೆಯುವ ಅಂಗಳಕ್ಕೆ, ತೂಕದ ಲೆಕ್ಕದಲ್ಲಿ.

ಆ ಪೆಟ್ಟಿಗೆಯ ಹೆಸರು ಆಕ್ಚುಯೇಟರ್. ಹಡಗಿನವರಿಗೆ ನಾಲಿಗೆ ಹೊರಳಲಿಲ್ಲ. ವಾಲ್ವಿನ ಮೇಲೆ ಕೂರುವುದರಿಂದ 'ತಲೆ' ಎಂದರು.

ಇಲಾಖೆಗೆ ಹೊಸದಾಗಿ ಬಂದಿದ್ದ ಎಂಜಿನಿಯರಮ್ಮ ಎಣ್ಣೆ ಮೆತ್ತಿದ ಏಣಿ ಇಳಿದು ಬಂದು ಹೇಳಿದಳು: "ವಾಲ್ವಣ್ಣ, ನಿಮ್ಮನ್ನ ಸಮಿತಿಗೆ ಹಾಕಿದೀವಿ."

"ಯಾವ ತಪ್ಪಿಗೆ ಮೇಡಂ?"

"ತಪ್ಪಲ್ಲಪ್ಪಾ. ತಲೆ ಆರಿಸೋ ಸಮಿತಿ. ದಿನಾ ಅದರ ಜೊತೆ ಇರೋರು ನೀವು. ನಿಮ್ಮ ಅಭಿಪ್ರಾಯ ಬೇಕು."

ಮಾರನೆಯ ದಿನ ವಾಲ್ವಣ್ಣನ ಜೇಬಿನಲ್ಲಿ ಪೆನ್ನು ಕಾಣಿಸಿಕೊಂಡಿತು.

"ಏನ್ರೀ ಇದು?" ಎಂದಳು ಹೆಂಡತಿ.

"ಪೆನ್ನು."

"ಅದು ಕಾಣ್ತಿದೆ. ಅದರೊಳಗೆ ರೀಫಿಲ್ಲೇ ಇಲ್ವಲ್ಲ."

"ಸಮಿತೀಲಿ ಬರೆಯೋದಿಲ್ಲ ಕಣೇ. ತೀರ್ಮಾನ ಮಾಡೋದು."

ಸಭೆಗೆ ಎರಡು ತಲೆಗಳು ಬಂದಿದ್ದವು. ಒಂದು ಬೆಳ್ಳಗೆ ಫಳಫಳ, ಮದುಮಗನ ಹಾಗೆ. ಇನ್ನೊಂದು ಬೂದು ಬಣ್ಣದ್ದು, ಗಡವ, ಪಕ್ಕದಲ್ಲೊಂದು ಸ್ವಂತ ಚಕ್ರ. ವಾಲ್ವಣ್ಣ ಚಕ್ರ ಇದ್ದದ್ದನ್ನು ನೋಡಿದ ಕೂಡಲೇ ಮನಸ್ಸು ಕೊಟ್ಟುಬಿಟ್ಟಿದ್ದ. ಆದರೆ ಸಮಿತಿಯವರು ಕಾರಣವಿಲ್ಲದೆ ಮನಸ್ಸು ಕೊಡುವ ಹಾಗಿಲ್ಲ. ಬೆಳ್ಳನೆಯ ತಲೆಯ ಕಂಪನಿಯವನನ್ನು ಕೇಳಿದ: "ಇದಕ್ಕೆ ಚಕ್ರ ಎಲ್ಲಿ?"

"ಇದಕ್ಕೆ ಚಕ್ರದ ಅವಶ್ಯಕತೇನೇ ಇಲ್ಲ ಸಾರ್."

ಜೀವನದಲ್ಲಿ ಮೊದಲ ಸಲ ಒಬ್ಬರು 'ಸಾರ್' ಎಂದದ್ದಕ್ಕೆ ವಾಲ್ವಣ್ಣ ಜೇಬಿನ ಪೆನ್ನನ್ನು ನೆಟ್ಟಗೆ ಮಾಡಿಕೊಂಡ. ಆಮೇಲೆ ಕೇಳಿದ: "ಕರೆಂಟು ಹೋದ್ರೆ?"

"ಹೋಗಲ್ಲ ಸಾರ್."

"ಹೋದ್ರೆ?"

"ಹೋಗೋದೇ ಇಲ್ಲ ಅಂದ್ನಲ್ಲ ಸಾರ್—"

ಅಷ್ಟರಲ್ಲಿ ಸಭೆಯ ಫ್ಯಾನು ಒಂದೊಂದೇ ರೆಕ್ಕೆ ತೋರಿಸುತ್ತಾ ನಿಂತಿತು. ಎಂಜಿನಿಯರಮ್ಮ ಕಾಗದದ ಮೇಲೆ ಏನೋ ಗೀಚಿದಳು.

ನೀರೊಳಗೆ ಮುಳುಗಿದರೂ ನಮ್ಮದಕ್ಕೆ ಹನಿ ಹೋಗುವುದಿಲ್ಲ ಎಂದು ಇಬ್ಬರೂ ಹೇಳಿದರು. "ನೋಡೇಬಿಡೋಣ" ಎಂದ ವಾಲ್ವಣ್ಣ, ಎರಡೂ ತಲೆಗಳನ್ನು ಕೈಗಾಡಿಯಲ್ಲಿ ಹಾಕಿಕೊಂಡು ಮನೆಗೆ ತಂದ. ಎರಡರ ಮುಚ್ಚಳವನ್ನೂ ಬಿಚ್ಚಿ ಒಳಗೆ ಒಂದೊಂದು ಬೆಂಕಿಪೆಟ್ಟಿಗೆ ಇಟ್ಟ. ಬೋಲ್ಟುಗಳನ್ನು ಕಂಪನಿಯವರೇ ಬಂದು ಬಿಗಿದು ಹೋದರು, ಅದೊಂದು ಪುಣ್ಯ. ಎರಡನ್ನೂ ಬಚ್ಚಲಿನ ತೊಟ್ಟಿಯಲ್ಲಿ ಮುಳುಗಿಸಿದ. ಮೂರು ದಿನ.

"ಕಬ್ಬಿಣಕ್ಕೆ ಸ್ನಾನ, ಮನುಷ್ಯರಿಗೆ ಇಲ್ಲ" ಎಂದು ಹೆಂಡತಿ ಬೀದಿಗೆ ಕೇಳುವಂತೆ ಹೇಳಿದಳು. ಎರಡನೆಯ ದಿನ ಆಚೆ ದಡದಿಂದ ಬಾಮೈದ ಬಂದ. ಕೈಕಾಲು ತೊಳೆಯಲು ಬಚ್ಚಲಿಗೆ ಹೋದವನು ಹೋದಷ್ಟೇ ವೇಗದಲ್ಲಿ ಹಿಂದಕ್ಕೆ ಬಂದ.

"ಭಾವಾ, ತೊಟ್ಟೀಲಿ ಏನದು?"

"ತಲೆಗಳು" ಎಂದ ವಾಲ್ವಣ್ಣ. "ಎರಡಿವೆ. ಯಾವುದನ್ನ ಇಟ್ಕೋಬೇಕು ಅಂತ ನಾಳೆ ಹೇಳ್ತೀನಿ."

ಬಾಮೈದ ಕಾಫಿಯನ್ನೂ ಕುಡಿಯದೆ ಮುಂದಿನ ಹಡಗು ಹತ್ತಿದ. ಸಂಜೆಯೊಳಗೆ ಎರಡು ದಡದಲ್ಲೂ ಸುದ್ದಿ. ಓಣಿಯ ಜನ ಮೂರು ದಿನ ಸುತ್ತು ಹಾಕಿಕೊಂಡು ಓಡಾಡಿದರು.

ಮೂರನೆಯ ದಿನ ಎಂಜಿನಿಯರಮ್ಮನ ಎದುರಿಗೆ ತಲೆ ಬಿಚ್ಚಿದರು. ಬೆಳ್ಳಗಿನದು ಕೆಟಲಿನ ಹಾಗೆ ನೀರು ಸುರಿಸಿತು. ವೈರು ಹೋಗುವ ತೂತಿಗೆ ಪ್ಲಾಸ್ಟಿಕ್ಕಿನ ಬೂಚು ಹಾಕಿದ್ದರು, ಮದುಮಗನ ಮರ್ಯಾದೆ ಅಲ್ಲಿ ಸೋರಿಹೋಗಿತ್ತು. ಬೂದು ತಲೆಯೊಳಗಿನ ಕಡ್ಡಿ ಒಂದೇ ಗೀರಿಗೆ ಹತ್ತಿಕೊಂಡಿತು. ವಾಲ್ವಣ್ಣ ಎಂಜಿನಿಯರಮ್ಮನ ಪೆನ್ನು ಇಸಕೊಂಡು, 'ಇದನ್ನೇ ಹಾಕಿ' ಎಂದು ಬರೆದು, ಕೆಳಗೆ ತನ್ನ ಹೆಸರು ಹಾಕಿದ. ನಾಲ್ಕನೆಯ ತರಗತಿ ಬಿಟ್ಟ ಮೇಲೆ ಅವನು ಬರೆದ ಅತಿ ಉದ್ದದ ಬರಹ ಅದು.

ತಲೆಗಳು ಕೂತವು. ಮೇಲಿನ ಕೋಣೆಯಲ್ಲಿ ಪ್ರತಿ ವಾಲ್ವಿಗೆ ಮೂರು ದೀಪ: ತೆರೆದಿದ್ದರೆ ಹಸಿರು, ಮುಚ್ಚಿದ್ದರೆ ಕೆಂಪು, ನಡುವೆ ನಿಂತಿದ್ದರೆ ಹಳದಿ. ಹಳದಿ ಹತ್ತಿಯೇ ಇದ್ದರೆ ಗಂಟೆ ಹೊಡೆಯುತ್ತದೆ, ಹಡಗು ದಡ ಬಿಡುವಂತಿಲ್ಲ. ಬೂದು ತಲೆಯ ಕಂಪನಿಯವನು ಆರೈಕೆಯ ಪಾಠವನ್ನೂ ಹೇಳಿದ. "ಒಳಗೊಂದು ಪುಟ್ಟ ಹೀಟರ್ ಇದೆ. ಹಡಗು ನಿಂತಿದ್ರೂ ಅದನ್ನ ಆರಿಸಬೇಡಿ. ಆರಿಸಿದ್ರೆ ಒಳಗೆಲ್ಲ ಬೆವರುತ್ತೆ. ಕರೆಂಟು ಹೋದ್ರೆ ಈ ಹಿಡಿ ಒತ್ತಿ, ಚಕ್ರ ತಿರುಗಿಸಿ. ಬಾಕಿ ಅದೇ ನೋಡ್ಕೊಳ್ಳುತ್ತೆ."

ಮೊದಲ ಬೆಳಗ್ಗೆ ಕ್ಯಾಪ್ಟನ್ ಗುಂಡಿ ಒತ್ತಿದರು. ಕೆಳಗೆ ತಲೆ ಗುಂಯ್ ಎಂದಿತು, ವಾಲ್ವು ತೆರೆಯಿತು, ಮೇಲೆ ಹಸಿರು ಹತ್ತಿತು. ಚಪ್ಪಾಳೆಯಾಯಿತು. ಕೆಳಗೆ ವಾಲ್ವಣ್ಣ ಕಣ್ಣು ತುಂಬಿಕೊಂಡು ನೋಡುತ್ತಿದ್ದ. ಅವನು ನೋಡುತ್ತಿರುವಾಗಲೇ ಅವನ ಮೊಣಕಾಲು ಹಿಡಿಯನ್ನು ಒತ್ತಿತು, ಅವನ ಕೈ ಚಕ್ರವನ್ನು ಹಿಡಿಯಿತು, ಅರ್ಧ ಸುತ್ತು ಹಿಂದಕ್ಕೆ ಕೊಟ್ಟಿತು.

ಮೇಲೆ ಹಸಿರು ಆರಿ ಹಳದಿ ಹತ್ತಿತು. ಗಂಟೆ ಹೊಡೆಯಿತು.

"ವಾಲ್ವಣ್ಣಾ, ಹಳದಿ!" ಕೊಳವೆಯಲ್ಲಿ ಕ್ಯಾಪ್ಟನ್.

"ಅಯ್ಯೋ, ಯಾಕೆ ಸ್ವಾಮೀ?" ಎಂದ ವಾಲ್ವಣ್ಣ, ತಲೆಯ ಮುಂದೆಯೇ ನಿಂತು.

ಓದುವವರಿಗೆ ಕಾರಣ ಗೊತ್ತಾಗಿದೆ. ಹಡಗಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಕ್ಯಾಪ್ಟನ್ನರಿಗೆ ಮಂಡಿನೋವು, ಅವರು ಏಣಿ ಇಳಿದು ಒಂಬತ್ತು ವರ್ಷವಾಗಿತ್ತು. ಎಂಜಿನಿಯರಮ್ಮ ಇಳಿದು ಬಂದು ನಿಂತರೆ ವಾಲ್ವಣ್ಣ ಮರ್ಯಾದೆಗೆ ಕೈಕಟ್ಟಿಕೊಂಡು ನಿಲ್ಲುತ್ತಿದ್ದ. ಕಟ್ಟಿದ ಕೈ ಏನು ಮಾಡೀತು? ಹಸಿರು ಹಸಿರಾಗಿಯೇ ಇರುತ್ತಿತ್ತು. ಅವಳು ಮೇಲೆ ಹೋದದ್ದೇ ತಡ, ಹಳದಿ.

"ದೊಡ್ಡೋರ ಎದುರಿಗೆ ಒಳ್ಳೇ ಮಗು ಇದು" ಎಂದು ವಾಲ್ವಣ್ಣ ನಿಟ್ಟುಸಿರಿಟ್ಟ.

ವಾರಕ್ಕೊಂದು ದಿನ ಅವನಿಗೆ ರಜೆ. ಆ ದಿನ ಬದಲಿ ಆಳು ಇಳಿಯುತ್ತಿದ್ದ. ಅವನು ಮೂಲೆಯಲ್ಲಿ ಕೂತು ಪೇಪರ್ ಓದುತ್ತಿದ್ದ, ದೀಪ ಎಂಟು ಸಲವೂ ಹಸಿರು. ಇದನ್ನು ಕೇಳಿ ವಾಲ್ವಣ್ಣನಿಗೆ ಅನುಮಾನ ಬರುವ ಬದಲು ಕರುಳು ಚುರುಕ್ ಎಂದಿತು. "ಮಕ್ಕಳು ಹೊರಗಿನೋರ ಹತ್ರ ಅಳಲ್ಲ ಮೇಡಂ. ಅಮ್ಮನ್ನ ಕಂಡ ಕೂಡಲೇ ಅಳ್ತವೆ. ನನ್ನ ಹತ್ರ ಸಲಿಗೆ ಇದಕ್ಕೆ."

ಎಂಜಿನಿಯರಮ್ಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು.

ಒಂದು ದಿನ ತಲೆಯನ್ನು ಬಟ್ಟೆಯಿಂದ ಒರೆಸುತ್ತಿದ್ದಾಗ ಕ್ಯಾಪ್ಟನ್ ಗುಂಡಿ ಒತ್ತಿದರು, ಹಸಿರು ನಿಂತಿತು. ಇನ್ನೊಮ್ಮೆಯೂ ಹಾಗೇ ಆಯಿತು. ಒರೆಸಿದರೆ ಗುಣವಾಗುತ್ತದೆ ಎಂದು ವಾಲ್ವಣ್ಣ ಕಂಡುಹಿಡಿದ. ಇಲಾಖೆ ಎರಡು ಮೂಟೆ ಹಳೇ ಬಟ್ಟೆ ಮಂಜೂರು ಮಾಡಿತು. ಆದರೆ ಮನುಷ್ಯ ಎಷ್ಟಂತ ಒರೆಸಿಯಾನು? ಕೈ ಬಿಡುವಾದಾಗ ಅದು ತನ್ನ ಕೆಲಸ ಮಾಡುತ್ತಿತ್ತು.

ಕಂಪನಿಯವನು ಮೂರು ಸಲ ಬಂದ. ಮೊದಲ ಸಲ ದೀಪ ಬದಲಾಯಿಸಿದ, ಎರಡನೆಯ ಸಲ ವೈರು, ಮೂರನೆಯ ಸಲ ತಲೆಯನ್ನೇ. ಪ್ರತಿ ಸಲವೂ ವಾಲ್ವಣ್ಣ ಕೈಕಟ್ಟಿ ಪಕ್ಕದಲ್ಲಿದ್ದ. ಪ್ರತಿ ಸಲವೂ ಎಲ್ಲ ಸರಿ ಇತ್ತು. ಒಳಗೆ ಬೆವರಿರಬಹುದು ಎಂದು ಬಿಚ್ಚಿದರೆ ಒಣಕಲು. ವಾಲ್ವಣ್ಣನಂತೂ ದಿನ ಬೆಳಗಾದರೆ ಆರೂ ತಲೆಗಳ ಮೇಲೆ ಅಂಗೈ ಇಟ್ಟು ಹೀಟರ್ ಬೆಚ್ಚಗಿದೆಯೇ ಎಂದು ನೋಡುತ್ತಿದ್ದ, ಜ್ವರ ನೋಡುವ ಹಾಗೆ. ಕಂಪನಿಯವನು ಕೊನೆಗೆ ಹೇಳಿದ: "ನಿಮ್ಮ ಕಡಲೇ ಸರಿ ಇಲ್ಲ."

ಹಡಗು ದಿನವೂ ತಡ. ಜನ ಸುಮ್ಮನಿರುತ್ತಾರೆಯೇ? "ಅಜ್ಜಿಗೆ ಕಾಮಾಲೆ" ಎಂದರು. ಬೆಳಗ್ಗೆ ದಡಕ್ಕೆ ಬಂದವರು "ಇವತ್ತು ಹೇಗಿದೆ ಮೈ?" ಎಂದು ಕೇಳುವರು, ಟಿಕೆಟ್ಟಿನವನು "ಕಣ್ಣು ಇನ್ನೂ ಹಳದಿ" ಎನ್ನುವನು. ಒಬ್ಬರು ಕಾಮಾಲೆಗೆ ಔಷಧಿ ಕೊಡುವವರ ವಿಳಾಸ ಕೊಟ್ಟುಹೋದರು. ಬಾಮೈದನಿಗೆ ಆಚೆ ದಡದಲ್ಲಿ ರೇಡಿಯೋ ರಿಪೇರಿ ಅಂಗಡಿ. ಅವನ ಸಲಹೆ ಸರಳ: "ಭಾವಾ, ಪಕ್ಕಕ್ಕೆ ಒಂದು ಬಿಡು. ನಮ್ಮ ಅಂಗಡೀಲಿ ಅರ್ಧ ರಿಪೇರಿ ಹಾಗೇ ಆಗೋದು."

"ಹೊಡೆದು ಬೆಳೆಸಿದ್ದು ಸರಿಹೋಗಲ್ಲವೋ" ಎಂದ ವಾಲ್ವಣ್ಣ.

ಆದರೆ ರಾತ್ರಿ ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಏಳುತ್ತಿದ್ದ. 'ಇದನ್ನೇ ಹಾಕಿ' ಎಂದು ಬರೆದವನು ಅವನೇ. ಅಜ್ಜಿಯನ್ನು ಒಡೆಯುವ ಅಂಗಳಕ್ಕೆ ಎಳೆದುಕೊಂಡು ಹೋದರೆ, ಹಗ್ಗ ಕಟ್ಟಿಕೊಟ್ಟವನೂ ಅವನೇ ಆದಂತೆ. ಪೆನ್ನನ್ನು ಜೇಬಿನಿಂದ ತೆಗೆದು ಗೂಡಿನಲ್ಲಿ ಇಟ್ಟ. ಹೆಂಡತಿ ನೋಡಿದಳು. ಒಂದು ತಿಂಗಳು ಉಪ್ಪಿನ ಡಬ್ಬಿಯ ವಿಷಯ ಎತ್ತಲಿಲ್ಲ.

ಮೂರು ತಿಂಗಳು ಮುಗಿಯಿತು. ತಪಾಸಣೆ ಸಾಹೇಬರು ಬಂದರು. ಒಣಗಿದ ಮನುಷ್ಯ, ಹೌದು ಅಲ್ಲ ಎನ್ನುವ ಎರಡು ಮಾತಿಗೂ ಮುಖ ಒಂದೇ. ಮೇಲಿನ ಕೋಣೆಯಲ್ಲಿ ಸಾಹೇಬರು, ಕ್ಯಾಪ್ಟನ್, ಎಂಜಿನಿಯರಮ್ಮ, ಕಂಪನಿಯವನು ಒತ್ತಿಕೊಂಡು ನಿಂತರು. ಕೆಳಗೆ ವಾಲ್ವಣ್ಣ ಒಬ್ಬನೇ. ಬೆಳಗ್ಗೆ ಗಾಬರಿಯಲ್ಲಿ ಊಟದ ಡಬ್ಬಿ ಮರೆತು ಬಂದಿದ್ದ.

ಆ ಡಬ್ಬಿಯನ್ನು ಹಿಡಿದುಕೊಂಡು ಹೆಂಡತಿ ದಡಕ್ಕೆ ಬಂದಳು. ಹಡಗು ಇನ್ನೂ ನಿಂತಿತ್ತು. ತಡೆಯುವವರೆಲ್ಲ ಮೇಲೆ ನೋಡುತ್ತಿದ್ದರು. ಅವಳು ಏಣಿಯ ಬಾಯಿಗೆ ಬಂದು ಎರಡು ಮೆಟ್ಟಿಲು ಇಳಿದು ಬಗ್ಗಿ ನೋಡಿದಳು.

ಸಾಹೇಬರು ತಾವೇ ಗುಂಡಿ ಒತ್ತಿದರು. ಕೆಳಗೆ ತಲೆ ಗುಂಯ್ ಎಂದಿತು. ಹಸಿರು. ಕೆಳಗೆ ವಾಲ್ವಣ್ಣ ಕಣ್ಣು ಮುಚ್ಚಿ, ಅಜ್ಜೀ ನನ್ನ ಮಾನ ಕಾಪಾಡು ಎಂದು ಮನಸ್ಸಿನಲ್ಲೇ ಕೈಮುಗಿದ. ಮನಸ್ಸಿನ ಕೈಗಳು ಮುಗಿದಿದ್ದವು. ನಿಜವಾದ ಕೈ ಚಕ್ರ ಹಿಡಿದು ಅರ್ಧ ಸುತ್ತು ಹಿಂದಕ್ಕೆ ಕೊಟ್ಟಿತು.

ಮೇಲೆ ಹಳದಿ. ಗಂಟೆ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಅದೇ ಹೊತ್ತಿಗೆ, ಹಿತ್ತಾಳೆಯ ಕೊಳವೆಯಿಂದ ಒಂದು ಹೆಂಗಸಿನ ಧ್ವನಿ ಕೋಣೆ ತುಂಬಾ ಮೊಳಗಿತು:

"ಅಯ್ಯೋ ನಿಮ್ಮ ಕೈಗಿಷ್ಟು! ಇಲ್ಲೂ ಅದೇ ಬುದ್ಧೀನಾ? ಅದು ಪಾಪ ತಾನಾಗಿ ಪೂರ್ತಿ ತೆಗೆದಿತ್ತು, ಅರ್ಧ ಸುತ್ತು ಹಿಂದಕ್ಕೆ ಯಾಕ್ರೀ ಕೊಟ್ರಿ? ಮನೆ ಉಪ್ಪಿನ ಡಬ್ಬಿ ಸಾಲದು ಅಂತ ಸರ್ಕಾರದ್ದಕ್ಕೂ ಕೈ ಹಾಕಿದ್ರಾ?"

"ನಾನೇನು ಮಾಡಿದೆ?" ಎಂಬ ಗಂಡಸಿನ ಧ್ವನಿ ಕೇಳಿಸಿತು.

"ಕೈ ನೋಡ್ಕೊಳ್ಳಿ!"

ಕೆಳಗೆ ವಾಲ್ವಣ್ಣ ತನ್ನ ಕೈಯನ್ನು ನೋಡುತ್ತಿದ್ದ. ಅದು ಇನ್ನೂ ಚಕ್ರದ ಮೇಲಿತ್ತು.

ಮೇಲೆ ಕಂಪನಿಯವನು ಮೊದಲು ನಕ್ಕ. "ಮೂರು ಸಲ ಬಂದೆ ಸಾರ್ ನಾನು! ಒಂದು ತಲೇನೇ ಬದಲಾಯಿಸಿದೆ!" ಸಾಹೇಬರು ನಗಲಿಲ್ಲ. ಎಲ್ಲರನ್ನೂ ಹಿಂದೆ ಕಟ್ಟಿಕೊಂಡು ಏಣಿ ಇಳಿದರು. ಒಂಬತ್ತು ವರ್ಷದ ಮೇಲೆ ಕ್ಯಾಪ್ಟನ್ನೂ ಇಳಿದರು.

"ಯಾಕೆ ಹಿಂದಕ್ಕೆ ತಿರುಗಿಸಿದ್ರಿ?" ಸಾಹೇಬರು ಕೇಳಿದರು.

"ನಾನಲ್ಲ ಸ್ವಾಮಿ, ಕೈ" ಎಂದ ವಾಲ್ವಣ್ಣ. ಆಮೇಲೆ, ಸುಳ್ಳು ಹೇಳಿದಂತಾಯಿತೆಂದು ತಿದ್ದಿಕೊಂಡ: "ನಾನೇ. ತಪ್ಪು ನನ್ನದು, ತಲೇದಲ್ಲ. ಅಜ್ಜೀದೂ ಅಲ್ಲ. ನನ್ನನ್ನ ತೆಗೆದುಹಾಕಿ, ಅಜ್ಜೀನ ಬಿಟ್ಬಿಡಿ."

"ನಾನು ಕೇಳಿದ್ದು ಯಾಕೆ ಅಂತ."

ವಾಲ್ವಣ್ಣ ಮುದುಕನ ಮಾತನ್ನು ಹೇಳಿದ. ಕೊನೇವರೆಗೆ ಒತ್ತಿ ನಿಲ್ಲಿಸಿದ್ದು ಕಚ್ಚಿಕೊಳ್ಳುತ್ತದೆ. ವಾಪಸ್ಸು ಬರುವುದಕ್ಕೂ ಜಾಗ ಇಟ್ಟಿರಬೇಕು. ಹೇಳುತ್ತಾ ಹೇಳುತ್ತಾ ಅವನ ಧ್ವನಿ ಮುದುಕನ ಧ್ವನಿಯಾಯಿತು. ಕ್ಯಾಪ್ಟನ್ ತಲೆ ತಗ್ಗಿಸಿದರು, ಅವರಿಗೂ ಆ ಧ್ವನಿಯ ನೆನಪಿತ್ತು.

ಸಾಹೇಬರು ಕಂಪನಿಯವನ ಕಡೆ ಕೈ ಚಾಚಿದರು. "ಪುಸ್ತಕ ಕೊಡಿ."

ಪುಟ ತಿರುವಿ, ಒಂದು ಕಡೆ ಬೆರಳಿಟ್ಟು, "ಎಂಜಿನಿಯರ್, ಓದಿ" ಎಂದರು. ಎಂಜಿನಿಯರಮ್ಮ ಓದಿದಳು: ಇಂಥ ವಾಲ್ವುಗಳಲ್ಲಿ, ತೆರೆಯುವಾಗ ಮೋಟರ್ ಕೊನೆಯ ಅಂಚನ್ನು ಮುಟ್ಟಬಾರದು; ಸ್ವಲ್ಪ ಮೊದಲೇ ನಿಲ್ಲುವಂತೆ ಒಳಗಿನ ಸ್ವಿಚ್ಚನ್ನು ಹೊಂದಿಸಿ ಕೊಡತಕ್ಕದ್ದು.

"ಹೊಂದಿಸಿದ್ರಾ?" ಎಂದರು ಸಾಹೇಬರು.

ಕಂಪನಿಯವನ ನಗು ಎಲ್ಲಿತ್ತೋ ಅಲ್ಲೇ ಕಚ್ಚಿಕೊಂಡಿತು. "ಅವಸರದಲ್ಲಿ... ಪೂರ್ತಿಗೆ ಇಟ್ಟಿದ್ವಿ ಸಾರ್."

"ಮೂರು ತಿಂಗಳಿಂದ ನಿಮ್ಮ ತಪ್ಪನ್ನ ಇವರು ದಿನಕ್ಕೆ ಎಂಟು ಸಲ ತಿದ್ದುತಾ ಇದ್ರು. ನೀವು ದೀಪ ಬದಲಾಯಿಸ್ತಾ ಇದ್ರಿ" ಎಂದರು ಸಾಹೇಬರು. ಮುಖ ಮಾತ್ರ ಅದೇ.

ಅಲ್ಲೇ ಮುಚ್ಚಳ ಬಿಚ್ಚಿ ಸ್ವಿಚ್ಚು ಹೊಂದಿಸಲು ಕೂತರು. ಎಷ್ಟು ಮೊದಲು ನಿಲ್ಲಿಸಬೇಕೆಂದು ಕಂಪನಿಯವನು ಕೇಳಿದ. ಎಲ್ಲರೂ ವಾಲ್ವಣ್ಣನ ಕಡೆ ನೋಡಿದರು. ಅವನು ಚಕ್ರದ ಮೇಲೆ ಕೈಯಿಟ್ಟು, ತನಗೆ ಗೊತ್ತಿದ್ದೇ, ಮೊದಲ ಸಲ ಎಣಿಸಿಕೊಂಡು ತಿರುಗಿಸಿದ. ಅರ್ಧ ಸುತ್ತು. ಮತ್ತೆ ಗುಂಡಿ ಒತ್ತಿದರು. ತಲೆ ಗುಂಯ್ ಎಂದು ಹೋಗಿ, ಅವನು ತೋರಿಸಿದಲ್ಲಿಗೇ ಬಂದು ನಿಂತಿತು. ಹಸಿರು. ಎಲ್ಲರೂ ಕಾದರು. ಹೆಂಡತಿ ಮುನ್ನೆಚ್ಚರಿಕೆಯಾಗಿ ಗಂಡನ ಎರಡೂ ಕೈಗೆ ಊಟದ ಡಬ್ಬಿ ಕೊಟ್ಟು ಹಿಡಿಸಿದ್ದಳು. ಹಸಿರು ಹಾಗೇ ಇತ್ತು.

ಅಜ್ಜಿ ಇನ್ನೂ ಹನ್ನೊಂದು ವರ್ಷ ದಡದಿಂದ ದಡಕ್ಕೆ ಓಡಾಡಿದಳು. ಇನ್ನು ಮೇಲೆ ಕೈಗೆ ಕೆಲಸವಿಲ್ಲವಲ್ಲ ಎಂದು ವಾಲ್ವಣ್ಣ ಒಂದು ವಾರ ಮಂಕಾಗಿದ್ದ. ಎಂಜಿನಿಯರಮ್ಮ ಪುಸ್ತಕದ ಇನ್ನೊಂದು ಪುಟ ತೋರಿಸಿದಳು: ತಿಂಗಳಿಗೊಮ್ಮೆ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಬೇಕು, ಇಲ್ಲದಿದ್ದರೆ ಆಪತ್ತಿಗೆ ಒದಗುವುದಿಲ್ಲ. ಆ ಒಂದು ದಿನ ಅವನು ಒಗೆದ ಅಂಗಿ ಹಾಕಿಕೊಂಡು, ರೀಫಿಲ್ ಇಲ್ಲದ ಪೆನ್ನು ಸಿಕ್ಕಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದ.

ಆಮೇಲೆ ಸೇತುವೆ ಬಂತು. ಅಜ್ಜಿಯ ಕೊನೆಯ ಓಟದ ಸಂಜೆ ವಾಲ್ವಣ್ಣ ಮನೆಗೆ ಬಂದು, ಹಿತ್ತಿಲ ಮೆಟ್ಟಿಲ ಮೇಲೆ ಕೂತ. ಹೆಂಡತಿ ಬಕೆಟ್ಟು ಇಟ್ಟು ನಲ್ಲಿ ತೆಗೆದಳು, ಪೂರ್ತಿ. ಅವನ ಬೆನ್ನನ್ನೊಮ್ಮೆ ನೋಡಿದಳು. ಆಮೇಲೆ, ಯಾರೂ ಹೇಳದೆಯೇ, ಅರ್ಧ ಸುತ್ತು ಹಿಂದಕ್ಕೆ ಕೊಟ್ಟಳು. ಬಕೆಟ್ಟು ತುಂಬುವ ಸದ್ದು ನಿಧಾನವಾದದ್ದು ಕಿವಿಗೆ ಬಿದ್ದು ವಾಲ್ವಣ್ಣ ತಿರುಗಿ ನೋಡಿದ.

"ಸುಮ್ನೆ ಕೂತ್ಕೊಳ್ಳಿ" ಎಂದಳು. "ನಲ್ಲಿಗೆ ಮಾತ್ರ. ಉಪ್ಪಿನ ಡಬ್ಬಿ ಮುಟ್ಟಿದ್ರೆ ನೋಡಿ ಮತ್ತೆ."